ಕೋಲ್‌ಬೆಕ್ ಮೈದಾನದಲ್ಲಿ ನಮ್ಮದೊಂದು ಹೆಜ್ಜೆ

ಕೋಲ್‌ಬೆಕ್
೨೧೮೩ನೆಯ ಇಸವಿ, ಬಿಡುತಿಂಗಳು ೩೪

ಗುರುಪಾದಜ್ಜನವರಿಗೆ ಆರನೆಯ ತಲೆಮಾರಿನ ಶಿವಲೀಲಾ ಹೊಸಮನಿಯ ನಮಸ್ಕಾರ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಒಂದು ಫುಟ್‌ಬಾಲ್ ಋತು ಮುಗಿದು ಇನ್ನೊಂದು ಶುರುವಾಗುವ ನಡುವೆ ನಮ್ಮಲ್ಲಿ ಮೂವತ್ತೈದು ದಿನಗಳ ಹದಿಮೂರನೆಯ ತಿಂಗಳಿದೆ. ಅದಕ್ಕೆ ಬಿಡುತಿಂಗಳು ಎನ್ನುತ್ತೇವೆ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನವರಿಗೆ ಕಾಗದ ಮುಟ್ಟಿಸುವ ಅಂಚೆಯಲ್ಲಿ. ಮನೆಗೊಂದೇ ಕಾಗದಕ್ಕೆ ಅವಕಾಶ. ನೀವು ಧಾರವಾಡದಿಂದ ಇಂಗ್ಲೆಂಡಿಗೆ ತಂದ ಕನ್ನಡ ಆರು ತಲೆಮಾರು ದಾಟಿ ಹೀಗಾಗಿದೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿಕ್ಕಂದಿನಿಂದ ನನಗೆ ನಿಮ್ಮ ಮೇಲೆ ಸಿಟ್ಟು, ಅಜ್ಜ. ನಿಮ್ಮ ಡೈರಿ ನಮ್ಮ ಮನೆಯಲ್ಲಿದೆ. ವಾರವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಶನಿವಾರ ಕೋಲ್‌ಬೆಕ್ ಟೌನ್ ಕ್ಲಬ್ಬಿನ ಆಟ, ಪಕ್ಕದಲ್ಲಿ ಮಗ ಬಸವಂತ. ಕ್ಲಬ್ಬನ್ನು ಕೊಂಡ ಕೋಟ್ಯಧಿಪತಿಯು ಮೈದಾನವನ್ನು ತನ್ನ ಇನ್ನೊಂದು ಕಂಪನಿಯ ಹೆಸರಿಗೆ ಬರೆಸಿಕೊಳ್ಳಲು ನೀವೂ ಇದ್ದ ಅಭಿಮಾನಿಗಳ ಸಮಿತಿಯ ಒಪ್ಪಿಗೆ ಕೇಳಿದ. ಬದಲಿಗೆ ದೊಡ್ಡ ಆಟಗಾರರನ್ನು ತರುತ್ತೇನೆಂದ. ಐದು ಕೈ ಆ ಕಡೆ, ಐದು ಈ ಕಡೆ, ಹನ್ನೊಂದನೆಯದು ನಿಮ್ಮದು. ನೀವು ಎತ್ತಿದಿರಿ. ಎರಡು ವರ್ಷ ಊರಿನ ಕಾಲು ನೆಲದ ಮೇಲಿರಲಿಲ್ಲ. ಮೂರನೆಯ ವರ್ಷ ಧಣಿಗೆ ಬೇಸರ ಬಂತು, ಹಣ ನಿಂತಿತು, ಕ್ಲಬ್ಬು ಮುಳುಗಿತು, ಮೈದಾನ ಗೋದಾಮಾಯಿತು. ನಲವತ್ತೊಂದು ವರ್ಷ ಈ ಊರಿನಲ್ಲಿ ಆಟವೇ ಇರಲಿಲ್ಲ. ಆ ಎರಡು ವರ್ಷದ ಗೆಲುವುಗಳ ಬಗ್ಗೆ ಪುಟಗಟ್ಟಲೆ ಬರೆದ ನೀವು ಆ ಸಭೆಯ ಬಗ್ಗೆ ಬರೆದದ್ದು ಎರಡೇ ಮಾತು: 'ಇವತ್ತು ಒಪ್ಪಿದೆ.'

ಆಮೇಲೆ ಬಂದವರು ಬುದ್ಧಿ ಕಲಿತು ಹುಲ್ಲುಪಾಲು ಮಾಡಿದರು. ಹೊಸ ಮೈದಾನದಲ್ಲಿ ಊರಿನ ಪ್ರತಿ ಮನೆಗೂ ಒಂದು ಹೆಜ್ಜೆ ಅಗಲದ ಹುಲ್ಲು. ಬಿಡುತಿಂಗಳಲ್ಲಿ ನಮ್ಮ ನಮ್ಮ ಪಾಲನ್ನು ನಾವೇ ಮೊಣಕಾಲೂರಿ ಕತ್ತರಿಯಿಂದ ಕತ್ತರಿಸಬೇಕು. ಯಂತ್ರ ನಿಷಿದ್ಧ. ಹಾಗಾಗಿ ನಮ್ಮ ಮೈದಾನ ಹಜಾಮನಿಲ್ಲದ ಊರಿನ ತಲೆಗಳಂತಿದೆ. ಪಕ್ಕದ ಮನೆಯ ವಿಲ್ಫ್ರೆಡ್ ಮಹಾ ಸೋಮಾರಿ, ಅವನ ಪಾಲಿನ ಹುಲ್ಲಿನಲ್ಲಿ ಚೆಂಡು ಸಿಕ್ಕಿಕೊಂಡು ಒಮ್ಮೆ ಎದುರಾಳಿಯ ಗೋಲೇ ತಪ್ಪಿತು. ಆ ವಾರವೆಲ್ಲ ಅವನಿಗೆ ಚಹಾ ಪುಕ್ಕಟೆ. ಆಟಗಾರರ ಸಂಬಳ ಬಾಗಿಲಳತೆಯಲ್ಲಿ, ಅಂದರೆ ಬಾಗಿಲಲ್ಲಿ ಬಂದ ಟಿಕೆಟ್ ಹಣ ಎಷ್ಟೋ ಅಷ್ಟೇ. ಇದರ ಫಲವಾಗಿ ನೂರು ವರ್ಷಗಳಿಂದ ನಾವು ಏಳನೆಯ ದರ್ಜೆಯಲ್ಲೇ ಇದ್ದೇವೆ, ಬಹಳ ಸಲ ಸೋಲುತ್ತೇವೆ. ಆದರೂ ಪ್ರತಿ ಶನಿವಾರ ಆಟವಿರುತ್ತದೆ.

ಈಗ ಮತ್ತೊಬ್ಬ ಧಣಿ ಬಂದಿದ್ದಾಳೆ. ಕೆಟ್ಟವಳೇನಲ್ಲ. ನಮ್ಮ ಜೊತೆ ಕತ್ತರಿ ಹಿಡಿದು ಕೂತು ಅಂಗೈಯಲ್ಲಿ ಗುಳ್ಳೆ ಬರಿಸಿಕೊಂಡಳು. ಪಾಲುಗಳನ್ನೆಲ್ಲ ತನಗೆ ಮಾರಿದರೆ ಐದು ವರ್ಷದಲ್ಲಿ ಮೇಲಿನ ದರ್ಜೆ ಎನ್ನುತ್ತಾಳೆ. ಒಂದು ಮನೆ ಬೇಡವೆಂದರೂ ಮಾರುವಂತಿಲ್ಲ ಎಂಬುದು ನಿಯಮ. ಎಲ್ಲರೂ ಸಹಿ ಹಾಕಿಯಾಗಿದೆ, ವಿಲ್ಫ್ರೆಡ್ ಕೂಡ. ಉಳಿದದ್ದು ನಾನೊಬ್ಬಳೇ. ನಾಳೆ ಕೊನೆಯ ದಿನ.

ನನ್ನ ಮಗಳು ನೀಲಗಂಗಾ ಈ ತಂಡದ ಮುಂಚೂಣಿಯ ಆಟಗಾರ್ತಿ. ಹತ್ತೊಂಬತ್ತು ವರ್ಷ. ಅವಳ ಕಾಲು ಏಳನೆಯ ದರ್ಜೆಯ ಕಾಲಲ್ಲ, ತಾಯಿಯೆಂದು ಹೇಳುತ್ತಿಲ್ಲ. ನಾನು ಸಹಿ ಹಾಕಿದರೆ ಅವಳು ಇಲ್ಲೇ ಇದ್ದು ದೊಡ್ಡ ತಂಡಗಳ ಎದುರು ಆಡಬಹುದು. ಹಾಕದಿದ್ದರೆ ದೂರದ ಕ್ಲಬ್ಬಿಗೆ ಹೋಗುತ್ತಾಳೆ. ಇವತ್ತು ಊಟಕ್ಕೆ ಕೂತಾಗ ಕೇಳಿದಳು: "ಅವ್ವಾ, ಒಂದ್ ಹೆಜ್ಜಿ ಹುಲ್ಲಿಗೆ ನನ್ನ ಆಟಾನ ಬಲಿ ಕೊಡ್ತೀಯೇನ?" ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

ಆಗ ನನಗೆ ನೀವು ಅರ್ಥವಾದಿರಿ, ಅಜ್ಜ. ಇಷ್ಟು ವರ್ಷ ನಿಮ್ಮನ್ನು ದುರಾಸೆಯ ಮನುಷ್ಯನೆಂದು ಬೈದೆ. ನೀವು ಬಸವಂತನ ಮುಖ ನೋಡಿ ಕೈ ಎತ್ತಿರಬೇಕು. ಅವನು ಹುಟ್ಟಿದಾಗಿನಿಂದ ಸೋಲನ್ನೇ ನೋಡಿದ್ದ. ಒಮ್ಮೆಯಾದರೂ ಗೆಲುವು ತೋರಿಸಬೇಕು ಎನ್ನಿಸಿರಬೇಕು. ನನಗೂ ಹಾಗೇ ಅನ್ನಿಸುತ್ತಿದೆ. ಆದರೆ ನಾಳೆ ನಾನು ಬೇಡ ಎನ್ನುತ್ತೇನೆ. ಇವಳ ನಂತರದ ಮಕ್ಕಳಿಗೂ ಶನಿವಾರಗಳಿರುತ್ತವೆ. ಇಡೀ ಊರು ಬಿಟ್ಟುಕೊಟ್ಟರೂ ನನಗೆ ಅವನ್ನು ಮಾರಲು ಮನಸ್ಸು ಬಾರದು.

ಈ ಕಾಗದ ಮುಟ್ಟುವಾಗ ನಿಮ್ಮ ಆ ಸಭೆಗೆ ಇನ್ನೂ ಮೂರು ದಿನ ಇರುತ್ತದೆ. ಕೈ ಎತ್ತಬೇಡಿ ಎಂದು ಕೇಳುವುದಿಲ್ಲ. ಆ ನಲವತ್ತೊಂದು ವರ್ಷ ಇಲ್ಲದಿದ್ದರೆ ನಮಗೆ ಈ ಬುದ್ಧಿಯೂ ಬರುತ್ತಿರಲಿಲ್ಲವೇನೋ. ನನ್ನ ಕೋರಿಕೆ ಬೇರೆ. ಮೈದಾನ ಹೋದ ಮೇಲೆ ಬಸವಂತ ಒಂಬತ್ತು ವರ್ಷ ನಿಮ್ಮೊಡನೆ ಮಾತು ಬಿಟ್ಟನೆಂದು ಮನೆಯಲ್ಲಿ ಹೇಳುತ್ತಾರೆ. ಯಾಕೆ ಒಪ್ಪಿದಿರೆಂದು ನೀವು ಅವನಿಗೆ ಒಮ್ಮೆಯೂ ಹೇಳಲಿಲ್ಲವಂತೆ. ದಯವಿಟ್ಟು ಹೇಳಿ. ಸಭೆಯಿಂದ ಬಂದವರೇ ಅವನನ್ನು ಎದುರಿಗೆ ಕೂರಿಸಿಕೊಂಡು, ನಿನಗೋಸ್ಕರ ಎತ್ತಿದೆ, ತಪ್ಪಾಗಿದ್ದರೂ ಆಗಿರಬಹುದು ಎಂದು ಹೇಳಿಬಿಡಿ.

ಇನ್ನು ನಿಲ್ಲಿಸುತ್ತೇನೆ. ಮೇಲಿನ ಕೋಣೆಯಲ್ಲಿ ನೀಲಗಂಗಾ ಬಟ್ಟೆ ತುಂಬುತ್ತಿರುವ ಸದ್ದು ಕೇಳುತ್ತಿದೆ. ಅವಳು ಬಾಗಿಲು ದಾಟುವ ಮೊದಲು ನಾನು ಮೇಲೆ ಹೋಗಬೇಕು.

ಶಿವಲೀಲಾ