ನಿಂತಿದ್ದ ಫ್ಯಾನು

ಶಿಕಾರಿಪುರ
೧೨-೫-೨೦೨೫

ಪ್ರೀತಿಯ ತಂಗಿ ರೋಜಾಳಿಗೆ,

ನಿನ್ನ ಅಕ್ಕನ ಆಶೀರ್ವಾದ. ನಾವಿಲ್ಲಿ ಚೆನ್ನಾಗಿದ್ದೇವೆ. ಕುಪ್ಪಗಡ್ಡೆಯಲ್ಲಿ ನಿನ್ನ ಅತ್ತೆಯ ಮಂಡಿನೋವು ಇಳಿಯಿತೇ? ನೀನು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ತಪ್ಪು ತಿಳಿಯಬೇಡ. ಇದನ್ನು ಬಾಯಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಂಡು ಓದು.

ಅವ್ವನ ವರ್ಷದ ಎಡೆಗೆ ನಿನ್ನ ಮದುವೆ ವಿಡಿಯೊ ಬೇಕು, ಅವ್ವ ಹಾಡಿದ್ದನ್ನು ಅಪ್ಪ ಕೇಳಬೇಕಂತೆ ಎಂದಿದ್ದೆಯಲ್ಲ. ಅದಕ್ಕೇ ನಿನ್ನ ಭಾವ ಅದನ್ನು ಕಂಪ್ಯೂಟರಿನ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸಲು ಹಾಕಿ, ಶಿರಾಳಕೊಪ್ಪದಲ್ಲಿ ಯಾರದೋ ಮದುವೆ ಶೂಟಿಂಗಿಗೆ ಹೋದರು. ಹೋದ ವರ್ಷ ಕಂಪ್ಯೂಟರಿನೊಳಗೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ನಿಂತು, ಕಾರ್ಡು ಸುಟ್ಟು ಮನೆಯೆಲ್ಲ ವಾಸನೆ ಬಂದಿತ್ತು. ಫ್ಯಾನ್ ನಿಂತದ್ದು ಕಂಡರೆ ಮೊದಲು ಸ್ವಿಚ್ ಆರಿಸು ಎಂದು ಇವರು ಆಗ ಹೇಳಿದ್ದರು. ಅಂದಿನಿಂದ ಒಲೆ ಮೇಲೆ ಸಾರು ಇಟ್ಟರೂ ಐದು ಸಲ ಬಂದು ಕಂಪ್ಯೂಟರಿನ ಗಾಜಿನ ಬದಿಯಿಂದ ಇಣುಕುತ್ತೇನೆ.

ಅವತ್ತು ಇಣುಕಿದರೆ ಪರದೆ ಕಪ್ಪು. ಹೊಸ ಕಾರ್ಡಿನ ಎರಡೂ ಫ್ಯಾನ್ ನಿಂತಿವೆ. ಇವರಿಗೆ ಮೂರು ಸಲ ಫೋನ್ ಮಾಡಿದೆ. ವಾಲಗದ ಸದ್ದಿನಲ್ಲಿ ಕೇಳಿಸಿಲ್ಲ. ಸ್ವಿಚ್ ಆರಿಸಿದೆ. ಸಾಲದು ಎಂದು ಯುಪಿಎಸ್ಸಿನ ವೈರನ್ನೂ ಕಿತ್ತೆ.

ಮರುದಿನ ರಿಪೇರಿಯ ಕೊಟ್ರೇಶ್ ಬಂದು ನೋಡಿದ. ಕಾರ್ಡಿಗೆ ಏನೂ ಆಗಿರಲಿಲ್ಲ. ಕರೆಂಟು ಉಳಿಸುವ ಏರ್ಪಾಡು ಅದರಲ್ಲೇ ಇದೆಯಂತೆ. ಭಾರದ ಕೆಲಸ ಇಲ್ಲದಾಗ ತಾನೇ ಫ್ಯಾನ್ ನಿಲ್ಲಿಸಿಕೊಂಡು ಸುಮ್ಮನಿರುತ್ತದಂತೆ, ಯಾರೂ ಮುಟ್ಟದಿದ್ದರೆ ಪರದೆಯೂ ಆರುತ್ತದಂತೆ. ವಿಡಿಯೊ ಸಾಗಿಸುವುದು ಕಾರ್ಡಿನ ಕೆಲಸವಲ್ಲ, ಅದರ ಪಾಡಿಗೆ ಅದು ನಡೆದೇ ಇತ್ತು.

"ನಮ್ಮಪ್ಪನ ಕುರಿ ಮಲಗಿ ಮೆಲುಕು ಹಾಕ್ತಾವಲ್ಲ, ಹಂಗಾ?" ಎಂದೆ.

"ಹಂಗೇ ರೀ ಅಕ್ಕಾರೆ. ನೀವು ಮಲಗಿದ್ ಕುರಿನ ಸತ್ತೈತೆ ಅಂತ ಮಣ್ಣು ಮಾಡಿದ್ರಿ" ಎಂದ.

ಆ ಏರ್ಪಾಡು ಒಳ್ಳೆಯದೇ, ಸುಳ್ಳು ಹೇಳಬಾರದು. ಮೊದಲು ಮಧ್ಯಾಹ್ನ ಕಂಪ್ಯೂಟರಿನ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ, ಈಗ ಆ ಬಿಸಿಯಿಲ್ಲ. ಕರೆಂಟು ಹೋದರೆ ಹತ್ತು ನಿಮಿಷಕ್ಕೆ ಕೂಗುತ್ತಿದ್ದ ಯುಪಿಎಸ್ ಈಗ ಇಪ್ಪತ್ತು ನಿಮಿಷ ತಡೆಯುತ್ತದೆ. ಇವರು ಮೊದಲೇ ಹೇಳಬೇಕಿತ್ತು. ಹೇಳಿದ್ದರೂ ನಾನು ನಂಬುತ್ತಿದ್ದೆನೋ ಇಲ್ಲವೋ.

ಸಾಗಿಸುವ ನಡುವೆ ನಾನು ಕರೆಂಟು ಕಿತ್ತದ್ದಕ್ಕೆ ಹೊಸ ಡಿಸ್ಕು ಮಾತ್ರ ಕೆಟ್ಟಿತು. ಸಾಗಿಸಿದ್ದೆಲ್ಲ ಹಳೆಯದರಲ್ಲಿ ಅಳಿಯುತ್ತ ಹೋಗುತ್ತದಂತೆ. ಕೊಟ್ರೇಶ್ ಮೂರು ದಿನ ಕೂತು ಮುಕ್ಕಾಲು ಪಾಲು ಹೊರತೆಗೆದ. ಪೆನ್‌ಡ್ರೈವ್ ಈ ಕಾಗದದ ಜೊತೆಗಿದೆ. ನಿನ್ನ ಭಾವ ಬೈಯಲಿಲ್ಲ. "ಇರ್ಲಿ ಬಿಡು, ಆರ್ಸು ಅಂತ ಹೇಳಿದ್ದು ನಾನೇ ಅಲ್ವಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಸುಖವಾಗಿರಿ. ಬಿಸಿಲಲ್ಲಿ ಬರಿಗಾಲಲ್ಲಿ ಓಡಾಡಬೇಡ.

ನಿನ್ನ ಅಕ್ಕ,
ಗುತ್ಯಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಸಿಕ್ಕ ಭಾಗದಲ್ಲಿ ಅವ್ವ ಆರತಿ ತಟ್ಟೆ ಹಿಡಿದು ನಿನ್ನ ಮುಂದೆ ನಿಂತು, ಹಾಡಲು ಬಾಯಿ ತೆರೆಯುತ್ತಾಳೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಯಾರ ಮೊಬೈಲಿನಲ್ಲೂ ಆ ಹಾಡಿಲ್ಲ, ಎಲ್ಲರನ್ನೂ ಕೇಳಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಎಡೆಯ ದಿನ ಅಲ್ಲಿಂದ ಮುಂದಕ್ಕೆ ನಾನೇ ಹಾಡುತ್ತೇನೆ. ಎರಡನೇ ನುಡಿ ನನಗೆ ಬರುವುದಿಲ್ಲ, ನೀನು ಎತ್ತಿಕೊಡು.