ನೀನು ಬಣ್ಣ ಬಳಿದ ಸ್ಟಾರ್ಟರ್

ಸತೀಶಣ್ಣ,

ಕ್ಷೇಮವೇ ಎಂದು ಕೇಳಿ ಆರಂಭಿಸಬೇಕು. ಕೈ ಬರುತ್ತಿಲ್ಲ. ನಿನ್ನ ಹೊಸ ಅಂಗಡಿಯ ಪೂಜೆಯ ಕಾರ್ಡು ನಿನ್ನೆ ತಲುಪಿತು. ಮೇಲೆ ಅಪ್ಪನ ಫೋಟೋ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಕೆಂಪಣ್ಣನವರ ಕೈಗುಣ, ನಿಮ್ಮ ನಂಬಿಕೆ’. ಓದಿ ಕಾರ್ಡನ್ನು ಮಗುಚಿಟ್ಟೆ. ಆ ಫೋಟೋ ತೆಗೆಸು. ಇಷ್ಟನ್ನೇ ಬರೆಯಲು ಕೂತವಳು ನಾನು. ಕೂತ ಮೇಲೆ, ಏಳು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಬರುತ್ತಿದೆ.

ಅರಕಲಗೂಡು ಬಿಟ್ಟು ಕುಶಾಲನಗರಕ್ಕೆ ಬಂದ ಅಪ್ಪ, ಹಾರಂಗಿ ಕಾಲುವೆ ಕೆಲಸದ ಲಾರಿಗಳ ಸ್ಟಾರ್ಟರ್ ಬಿಚ್ಚುತ್ತ ನಮ್ಮನ್ನು ಸಾಕಿದವರು. ನಮ್ಮಿಬ್ಬರನ್ನೂ ಗೋಣಿಚೀಲದ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದುದು ನಿನಗೂ ನೆನಪಿರಬೇಕು. “ಕೀ ತಿರುಗ್ಸಿದ್ರೆ ಇಂಜಿನ್ ಏಳಲ್ಲ ಕಣ್ರೋ. ಕೀ ಬರೀ ಸುದ್ದಿ ಕಳಿಸ್ತದೆ. ಸುದ್ದಿ ಬರೋದು ಈ ಸೊಲೆನಾಯ್ಡಿಗೆ. ಇದು ಹಲ್ಲಿನ ಚಕ್ರನ ಮುಂದಕ್ಕೆ ತಳ್ಳಿ ಇಂಜಿನ್ನಿನ ದೊಡ್ಡ ಚಕ್ರಕ್ಕೆ ಕೂಡ್ಸ್ತದೆ, ಒಳಗಿರೋ ತಾಮ್ರದ ತುಂಡುಗಳನ್ನ ಒಂದಕ್ಕೊಂದು ಮುಟ್ಟಿಸ್ತದೆ. ಆಗ ನೋಡಿ, ಬ್ಯಾಟರಿ ಕರೆಂಟು ಪೂರ್ತಿ ಮೋಟಾರಿಗೆ ನುಗ್ಗಿ ಇಂಜಿನ್ ತಿರುಗ್ಸೋದು” ಎನ್ನುತ್ತಿದ್ದರು. ಟಿಕ್ ಎಂದು ಸದ್ದಾಗಿ ಸುಮ್ಮನಾದರೆ ಹೆಡ್‌ಲೈಟ್ ಹಾಕಿ ನೋಡಬೇಕು. ಬೆಳಕು ಮಂಕಾದರೆ ಬ್ಯಾಟರಿಯನ್ನೂ ಅದರ ತಂತಿಯ ತುದಿಗಳನ್ನೂ ನೋಡಬೇಕು, ಬೆಳಕು ಹಾಗೆಯೇ ಇದ್ದರೆ ಸ್ಟಾರ್ಟರ್ ಇಳಿಸಬೇಕು. ಬಿಚ್ಚದೆ ಯಾರಿಗೂ ಏನೂ ಹೇಳಬಾರದು. ಅವರು ಕಲಿಸಿದ್ದು ಇಷ್ಟು. ನೀನು ನನಗಿಂತ ಬೇಗ ಕಲಿತೆ. ಅದನ್ನು ನೆನೆದರೆ ಇನ್ನಷ್ಟು ಹೇಸಿಗೆಯಾಗುತ್ತದೆ. ನಿನಗೆ ಗೊತ್ತಿಲ್ಲದೆ ಆದದ್ದು ಯಾವುದೂ ಇಲ್ಲ.

ಕರಿಕೆಯ ಲಿಂಗ ಡಿಸೆಂಬರಿನಲ್ಲಿ ನಮ್ಮ ಶೆಡ್ಡಿಗೆ ತನ್ನ ಜೀಪು ತಂದ. ಎಸ್ಟೇಟಿಗೆ ಕಾಫಿ ಪಿಕ್ಕಿಂಗಿನ ಹೆಂಗಸರನ್ನು ಸಾಗಿಸುವ ಗಾಡಿ. ಮಳೆಗಾಲವಿಡೀ ತೊರೆ ದಾಟಿ ಸ್ಟಾರ್ಟರಿನೊಳಗೆ ನೀರೂ ಕೆಸರೂ ಸೇರಿದ್ದವು. ನೀನು ಹೊಸತು ಹಾಕಿದ್ದೇನೆ ಎಂದು ಹೇಳಿ ಕಳಿಸಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಮಗುವಿನ ಹಾಗೆ ನಕ್ಕಿದ್ದ.

ಎರಡೇ ವಾರಕ್ಕೆ ವಾಪಸು ಬಂದ. “ಅಣ್ಣಾ, ಇದು ಒಮ್ಮೊಮ್ಮೆ ಟಿಕ್ ಹೇಳ್ತದೆ, ಮತ್ತೆ ಮಾತೇ ಇಲ್ಲ. ಬೆಳಿಗ್ಗೆ ಚಳಿಗೆ ಹೆಂಗಸರೆಲ್ಲ ಇಳಿದು ದೂಡುವ ಹಾಗಾಗಿದೆ.” ನಾನು ಬಾನೆಟ್ಟಿನೊಳಗೆ ಬಗ್ಗಿ, ಸ್ಟಾರ್ಟರಿನ ಅಂಚನ್ನು ಉಗುರಿನಿಂದ ಕೆರೆದೆ. ಬೆಳ್ಳಿ ಬಣ್ಣ ಸಿಪ್ಪೆ ಸುಲಿದ ಹಾಗೆ ಎದ್ದಿತು. ಕೆಳಗೆ ತುಕ್ಕು, ಯಾವುದೋ ಹಳೆಯ ಸುತ್ತಿಗೆ ಏಟಿನ ಗುರುತು. ತಲೆ ಎತ್ತಿ ನಿನ್ನನ್ನು ನೋಡಿದೆ. ನೀನು ಕಣ್ಣು ಹೊಡೆದೆ. ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ನಕ್ಕು, ಎಲ್ಲರಿಗೂ ಟೀ ಹೇಳಿ ಬರುತ್ತೇನೆಂದು ಹೊರಗೆ ಹೋದೆ. ಅಣ್ಣನ ಮರ್ಯಾದೆ ಗಿರಾಕಿಯ ಎದುರು ಹೋಗಬಾರದು ಎಂದುಕೊಂಡೆ. ಆ ನಗು ಈಗಲೂ ಹಲ್ಲಿಗೆ ಅಂಟಿಕೊಂಡಿದೆ, ಉಗಿದರೂ ಹೋಗುವುದಿಲ್ಲ.

ಟೀ ಹೇಳಿ ಬಂದಾಗ ನೀನು ಅವನಿಗೆ ವಿದ್ಯೆ ಹೇಳಿಕೊಡುತ್ತಿದ್ದೆ. “ಏನಾಗಲ್ಲ ಬಿಡೋ, ಹೊಸಾದು ಸ್ವಲ್ಪ ಬಿಗಿ ಇರ್ತದೆ. ಕೀ ಆನ್ ಮಾಡ್ಬಿಟ್ಟು ಕೆಳಗೆ ನುಗ್ಗಿ, ಸ್ಟಾರ್ಟರಿನ ಈ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಡು, ಕರೆಂಟು ಸೀದಾ ದಾಟ್ತದೆ. ಕಿಡಿ ಹಾರ್ತದೆ, ಹೆದ್ರಬೇಡ. ಗಾಡಿ ತಾನೇ ಏಳ್ತದೆ.” ಗೇರು ನ್ಯೂಟ್ರಲ್ಲಿನಲ್ಲಿದೆಯೇ ನೋಡು ಎಂದು ನೀನು ಹೇಳಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವ ಎಲ್ಲರೂ ಗಾಡಿಯನ್ನು ಗೇರಿನಲ್ಲಿಯೇ ಬಿಡುತ್ತಾರೆ ಎಂದು ನಿನಗೆ ಗೊತ್ತಿರಲಿಲ್ಲವೇ? ನನಗೂ ಗೊತ್ತಿತ್ತು. ನಾನೂ ಹೇಳಲಿಲ್ಲ.

ಜನವರಿಯ ಆ ಬೆಳಿಗ್ಗೆ, ಭಾಗಮಂಡಲದ ಹತ್ತಿರದ ಇಳಿಜಾರಿನಲ್ಲಿ ಟೀ ಕುಡಿಯಲು ನಿಲ್ಲಿಸಿದವನಿಗೆ ಮತ್ತೆ ಅದೇ ಟಿಕ್. ಹಿಂದೆ ಆರು ಜನ ಹೆಂಗಸರು. ಲಿಂಗ ಸ್ಕ್ರೂಡ್ರೈವರ್ ಹಿಡಿದು ಮುಂದಿನ ಚಕ್ರದ ಪಕ್ಕ ಮಲಗಿ ಕೈ ಒಳಗೆ ತೂರಿಸಿದ. ಕಾಲು ಹಿಂದಿನ ಚಕ್ರದ ಮುಂದೆ ಚಾಚಿತ್ತು. ಇಂಜಿನ್ ಒಂದೇ ಏಟಿಗೆ ಎದ್ದಿತು, ಗೇರಿನಲ್ಲಿದ್ದ ಜೀಪು ಎಗರಿತು. ಚಕ್ರ ಬಲಗಾಲಿನ ಮೇಲೆ ಹಾದು, ಜೀಪು ರಸ್ತೆಯ ಅಂಚಿನಲ್ಲಿ ಎದ್ದು ನಿಂತ ಮಣ್ಣಿನ ಬರೆಗೆ ಗುದ್ದಿ ನಿಂತಿತು. ಹೆಂಗಸರಿಗೆ ತರಚು ಗಾಯ ಅಷ್ಟೆ. ಲಿಂಗನ ಕಾಲನ್ನು ಮಡಿಕೇರಿಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಮೂರನೆಯ ದಿನ ನಾವಿಬ್ಬರೂ ನೋಡಲು ಹೋದೆವು. ನೀನು ಕಿತ್ತಳೆ ಹಣ್ಣು ಒಯ್ದಿದ್ದೆ. ಮಂಚದ ಪಕ್ಕ ಕೂತು, ಅವನ ಭುಜ ತಟ್ಟಿ ನೀನು ಹೇಳಿದ ಮಾತು ಇದು: “ಗೇರಲ್ಲಿ ಬಿಟ್ಟಿದ್ದು ನಿಂದೇ ತಪ್ಪು ಕಣೋ ಲಿಂಗ. ಹೋಗ್ಲಿ ಬಿಡು, ಜೀವ ಉಳೀತಲ್ಲ.” ಲಿಂಗ ಎರಡೂ ಕೈ ಜೋಡಿಸಿದ. “ಹೌದಣ್ಣಾ. ನಿಮಗೆಲ್ಲ ನನ್ನಿಂದ ತೊಂದರೆ ಆಯ್ತು” ಎಂದ. ಕಾಲು ಕಳೆದುಕೊಂಡವನು ನಿನ್ನಲ್ಲಿ ಕ್ಷಮೆ ಕೇಳಿದ, ಮತ್ತು ನೀನು ಅದನ್ನು ತೆಗೆದುಕೊಂಡೆ! ಹಣ್ಣು ಸುಲಿದು ನನಗೂ ಎರಡು ತೊಳೆ ಕೊಟ್ಟೆ. ನಾನು ಬಚ್ಚಲಿಗೆ ಹೋಗಿ ಉಗಿದು ಬಂದೆ. ಅಂದಿನಿಂದ ಕಿತ್ತಳೆಯ ವಾಸನೆ ನನಗಾಗುವುದಿಲ್ಲ.

ಅಷ್ಟಕ್ಕೆ ಮುಗಿದಿದ್ದರೆ ಬಹುಶಃ ನಾನು ಇನ್ನೂ ಸುಮ್ಮನಿರುತ್ತಿದ್ದೆನೇನೋ. ಆಸ್ಪತ್ರೆಯ ಮೆಟ್ಟಿಲಲ್ಲಿ ನೀನು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದೆ. “ವೀಣಾ, ಜೀಪು ಭಾಗಮಂಡಲ ಠಾಣೆ ಅಂಗಳದಲ್ಲಿದೆ. ವ್ಯಾನಲ್ಲಿ ಒಳ್ಳೇ ಸ್ಟಾರ್ಟರ್ ಇಟ್ಟಿದೀನಿ. ಬ್ಯಾಟರಿ ನೋಡ್ತೀನಿ ಅಂತ ಹೇಳಿ ಹೋಗಿ ಬದಲಾಯ್ಸಿ ಬಾ. ಹೆಣ್ಣುಮಗಳ ಮೇಲೆ ಯಾರೂ ಅನುಮಾನ ಪಡಲ್ಲ.” ನಿನ್ನ ಬಾಯಿಯಲ್ಲಿ ಇನ್ನೂ ಆ ಹಣ್ಣಿನ ವಾಸನೆ ಇತ್ತು.

ನಾನು ಹೋದೆ. ಬದಲಾಯಿಸಲಿಲ್ಲ. ಲಿಂಗನ ಹೆಂಡತಿ ಮುತ್ತಿಗೆ ಫೋನ್ ಮಾಡಿ ಕರೆಸಿಕೊಂಡೆ. ಠಾಣೆಯವರ ಒಪ್ಪಿಗೆ ಕೇಳಿ, ಅವರೂ ಮುತ್ತಿಯೂ ನೋಡುತ್ತಿದ್ದಂತೆ ಅದನ್ನು ಇಳಿಸಿ ಬಿಚ್ಚಿದೆ. ಒಳಗೆ ಕಪ್ಪು ಗಸಿ, ಎಣ್ಣೆಯೂ ಕಾರ್ಬನ್ ಪುಡಿಯೂ ಕಲೆತು ಗಬ್ಬು ನಾರುತ್ತಿತ್ತು. ಒಂದು ಮೂಲೆಯಲ್ಲಿ ಜಿರಳೆಯ ಮೊಟ್ಟೆ. ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ತುಂಡುಗಳು ಬೇರೆ ಯಾವುದೋ ಯಂತ್ರದವು, ನೀನು ಅವನ್ನು ಅರದಿಂದ ಉಜ್ಜಿ ಕೂರಿಸಿದ್ದೆ. ದಂಡ ಅಲುಗದ ಹಾಗೆ ಹಿಡಿಯುವ ಹಿತ್ತಾಳೆಯ ಬುಷ್ ಇರಬೇಕಾದ ಕಡೆ ಡಬ್ಬಿಯ ತಗಡು ಸುತ್ತಿದ್ದೆ. ತಾಮ್ರದ ತುಂಡುಗಳು ಸುಟ್ಟು ಹಲ್ಲು ಹುಳುಕಾದ ಹಾಗೆ ಗುಳಿ ಬಿದ್ದಿದ್ದವು. ಕೀ ತಿರುಗಿಸಿದಾಗ ಅವು ಒಂದಕ್ಕೊಂದು ತಾಗಿದರೆ ತಾಗಿದವು, ಇಲ್ಲದಿದ್ದರೆ ಇಲ್ಲ. ಅದೊಂದನ್ನು ಸರಿಮಾಡುವುದು ನಿನಗೆ ಅರ್ಧ ದಿನದ ಕೆಲಸ. ಬಣ್ಣ ಬಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿರಬೇಕು.

ಮುತ್ತಿ ಒಂದೊಂದನ್ನೂ ತೋರಿಸಿ “ಇದು ಎಂತಕ್ಕೆ?” ಎಂದು ಕೇಳಿದಳು. ಅಪ್ಪ ನಮಗೆ ಹೇಳಿದ ಹಾಗೆಯೇ ಹೇಳಿದೆ. ಅವಳು ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, “ಇದನ್ನು ಅವರಿಗೂ ಹೇಳಿ. ತನ್ನದೇ ತಪ್ಪು ಅಂತ ಹೇಳಿ ಹೇಳಿ ಅವರು ಊಟ ಬಿಟ್ಟಿದ್ದಾರೆ” ಎಂದಳು.

ಮರುದಿನ ಆಸ್ಪತ್ರೆಗೆ ಹೋಗಿ ಲಿಂಗನಿಗೆ ಹೇಳಿದೆ. “ಗೇರು ನೋಡದ್ದು ನಿನ್ನ ತಪ್ಪು, ಆದರೆ ನೀನು ಗಾಡಿಯ ಕೆಳಗೆ ಹೋಗಬೇಕಾಗಿ ಬಂದದ್ದು ನಮ್ಮ ತಪ್ಪು” ಎಂದೆ. ಲಿಂಗ ಮೊಣಕೈ ಊರಿ ಅರ್ಧ ಎದ್ದ. “ಅಕ್ಕಾ, ನಿಮಗೆ ಗೊತ್ತುಂಟಾ ಮೊದಲೇ?” ಎಂದು ಕೇಳಿದ.

“ಗೊತ್ತಿತ್ತು” ಎಂದೆ.

ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ಈವರೆಗೆ ನನ್ನೊಡನೆ ಮಾತಾಡಿಲ್ಲ.

ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ನಿನ್ನ ಹೆಸರಿದೆ, ಅದರ ಕೆಳಗೆ ನನ್ನದೂ ಇದೆ. ಒಡಹುಟ್ಟಿದವನನ್ನು ಬೀದಿಗೆ ಎಳೆದೆ ಎಂದು ಅಮ್ಮನ ಬಾಯಿಂದ ಹೇಳಿಸುತ್ತೀಯಲ್ಲ, ನಾನು ನನ್ನನ್ನೂ ಎಳೆದುಕೊಂಡಿದ್ದೇನೆ ಎಂದು ಅವರಿಗೆ ತಿಳಿಸು. ಕೇಸು ನಡೆಯುತ್ತಿದೆ. ಕರೆದಾಗಲೆಲ್ಲ ಹೋಗುತ್ತೇನೆ, ಇದನ್ನೇ ಹೇಳುತ್ತೇನೆ.

ನಾನೀಗ ಭಾಗಮಂಡಲದಲ್ಲಿ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ಜನ ಕಡಿಮೆ. ಬಂದವರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬೇಡಿ, ಒಮ್ಮೆ ಏಳದಿದ್ದರೆ ಅರ್ಧ ನಿಮಿಷ ಬಿಡಿ, ತೊರೆ ದಾಟಿದ ಮೇಲೆ ತಂದು ತೋರಿಸಿ ಎಂದು ಹೇಳುತ್ತೇನೆ. ಕೆಲವರು ಕೇಳುತ್ತಾರೆ.

ಕಳೆದ ವಾರ ಲಿಂಗನ ಜೀಪು ಬಂದು ಶೆಡ್ಡಿನ ಮುಂದೆ ನಿಂತಿತು. ಓಡಿಸಿಕೊಂಡು ಬಂದವಳು ಮುತ್ತಿ. ಲೈಸನ್ಸ್ ಮಾಡಿಸಿಕೊಂಡಿದ್ದಾಳೆ, ಈಗ ಎಸ್ಟೇಟಿನ ಹೆಂಗಸರನ್ನು ಅವಳೇ ಕರೆದೊಯ್ಯುತ್ತಾಳಂತೆ. ನನ್ನನ್ನು ನಂಬಿ ಬಂದಳಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅದು ಅವಳಿಗೆ ನನ್ನ ಮುಖದಲ್ಲಿ ಕಂಡಿರಬೇಕು.

“ನಂಬಿ ಬಂದದ್ದಲ್ಲ ಅಕ್ಕಾ” ಎಂದಳು. ಸ್ಟೂಲ್ ಎಳೆದುಕೊಂಡು ಜೀಪಿನ ಪಕ್ಕದಲ್ಲೇ ಕೂತಳು. “ಸ್ಟಾರ್ಟರ್ ಇಳಿಸಿ, ನನ್ನ ಎದುರೇ ಬಿಚ್ಚಿ. ಎಲ್ಲ ತಿರುಗಿ ಹಾಕುವವರೆಗೆ ನಾನು ಇಲ್ಲಿಂದ ಏಳೂದಿಲ್ಲ.”

ಏಳಲೂ ಇಲ್ಲ. ಎರಡು ಗಂಟೆ ಅವಳ ಕಣ್ಣು ನನ್ನ ಕೈಯ ಮೇಲೇ ಇತ್ತು. ಅಷ್ಟು ಚೊಕ್ಕಟವಾಗಿ ನಾನು ಎಂದೂ ಕೆಲಸ ಮಾಡಿರಲಿಲ್ಲ.

ನಿನ್ನ ಬೆಂಚಿನ ಎದುರಿಗೂ ಅಂಥ ಒಬ್ಬಳು ಬಂದು ಕೂರಲಿ, ನಿನ್ನ ಕೈಯ ಮೇಲಿಂದ ಕಣ್ಣು ಕದಲಿಸದಿರಲಿ. ನಿನಗೆ ನಾನು ಮಾಡಬಹುದಾದ ಹಾರೈಕೆ ಅದೊಂದೇ.

ಇನ್ನು ನಿನಗೆ ಬರೆಯುವುದಿಲ್ಲ,
ವೀಣಾ