ಕೀಲೆಣ್ಣೆ ಹಚ್ಚಿದ ಮೋಟಾರು

ಸಂತೆಬಾಚಹಳ್ಳಿ
ಭಾವ ಸಂವತ್ಸರದ ಕಾರ್ತಿಕ ಬಹುಳ ಪಂಚಮಿ
26–11–1934

ಪ್ರೀತಿಯ ಲಕ್ಷ್ಮಿದೇವಕ್ಕನಿಗೆ ನಿಮ್ಮ ಗೌರಮ್ಮ ಮಾಡುವ ನಮಸ್ಕಾರಗಳು.

ನಾಗಮಂಗಲದಲ್ಲಿ ನೀವು, ನರಸಯ್ಯ ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದಸರೆಗೆ ಮುಂಚೆ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದಾಳಲ್ಲ ಎಂದು ಬೈಯಬೇಡಿ. ಬೈಯಲೇಬೇಕಾದರೆ ನಿಮ್ಮ ತಮ್ಮನನ್ನು ಬೈಯಿರಿ. ಮನೆಯಲ್ಲಿದ್ದ ಮಸಿಯನ್ನೆಲ್ಲ ಅವರು ತಗಡಿನ ಮೇಲೆ ಗೀಟು ಎಳೆಯುವುದಕ್ಕೆ ಖಾಲಿ ಮಾಡಿದರು. ಲೇಖನಿಯಾದರೂ ಉಳಿಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ವಿಷಯ ಏನೆಂದರೆ, ನಿಮ್ಮ ತಮ್ಮ ಒಂದು ಲಾರಿಯ ತಲೆ ತಂದಿದ್ದಾರೆ. ನಗಬೇಡಿ, ತಲೆಯೇ. ಕನ್ನಂಬಾಡಿ ಕಟ್ಟೆಗೆ ಕಲ್ಲು ಹೊರುವಾಗ ಅವರೇ ಓಡಿಸುತ್ತಿದ್ದ ಲಾರಿಯಂತೆ. ಕಟ್ಟೆ ಮುಗಿದ ಮೇಲೆ ಕಂಟ್ರಾಕ್ಟರು ಅದನ್ನು ಶ್ರೀರಂಗಪಟ್ಟಣದ ಆಚೆ ಜಾಲಿ ಮೆಳೆಯಲ್ಲಿ ಬಿಟ್ಟು ಹೋಗಿದ್ದ. ಹಿಂದಿನ ಹಲಗೆಗಳನ್ನು ಯಾರೋ ಸೌದೆಗೆ ಒಡೆದುಕೊಂಡಿದ್ದರು. ಉಳಿದದ್ದು ಡ್ರೈವರು ಕೂರುವ ಗೂಡು, ಇಂಜಿನ್ನು, ಗಾಲಿ, ಕೆಳಗಿನ ಕಬ್ಬಿಣದ ಚೌಕಟ್ಟು. ಕೇಳಿದ್ದಕ್ಕೆ ಕಂಟ್ರಾಕ್ಟರು, ತಗೊಂಡು ಹೋಗಿ ಪೀಡೆ ಕಳೆಯಪ್ಪ ಎಂದನಂತೆ. ಅದಕ್ಕೆ ಎತ್ತು ಕಟ್ಟಿ ಎಳೆಸಿಕೊಂಡು ಹಿರೋಡೆ ದಾಟಿ, ಚಿನಕುರಳಿ ದಾಟಿ, ಕೃಷ್ಣರಾಜಪೇಟೆಯ ಪೇಟೆ ಬೀದಿಯಲ್ಲೇ ಮೆರವಣಿಗೆ ಮಾಡಿಕೊಂಡು ಬಂದರು. ಎತ್ತು ಎಳೆಯುವ ಮೋಟಾರು ನೋಡಲು ಜನವೋ ಜನ. ಪಕ್ಕದ ಮನೆ ದ್ಯಾವಮ್ಮ ಬೇಲಿಯ ಮೇಲೆ ಕತ್ತು ಚಾಚಿ, "ಅದ್ಯಾಕವ್ವ ಗೌರಾ, ನಿನ್ ಗಂಡ ಕೋಳಿಗೂಡು ತಂದವ್ನೆ? ಕೋಳಿ ಎಲ್ಲವ್ವ?" ಎಂದಳು. ನನಗೆ ಅವಮಾನವೂ ಆಯಿತು, ನಗುವೂ ಬಂತು.

ಇದರಿಂದ ಏನು ಮಾಡುತ್ತಾರೆ ಎನ್ನುತ್ತೀರಾ? ಎರಡೇ ಸೀಟಿನ, ಮೇಲೆ ಛಾವಣಿ ಇಲ್ಲದ, ನೆಲಕ್ಕೆ ಅಂಟಿಕೊಂಡು ಓಡುವ ಮೋಟಾರು. ಕಟ್ಟೆ ನೋಡಲು ಬಂದಿದ್ದ ಯಾರೋ ದೊರೆಯ ಹತ್ತಿರ ಅಂಥದ್ದನ್ನು ಕಂಡಿದ್ದರಂತೆ. ಅದಕ್ಕೆ ರೋಡ್‌ಸ್ಟರ್ ಎನ್ನುತ್ತಾರೆ. ಕಮ್ಮಾರ ಕುಳ್ಳಯ್ಯನ ಬಾಯಲ್ಲಿ ಅದು ರೋಡೇಷ್ಟ್ರು. ಇಬ್ಬರೂ ಸೇರಿ ಗೂಡಿನ ಕಂಬ ಕೊಯ್ದು ಛಾವಣಿ ಬಿಸಾಕಿದರು, ಅದು ಈಗ ನಮ್ಮ ಕರುವಿಗೆ ಬಿಸಿಲು ಮರೆ. ಉದ್ದದ ಚೌಕಟ್ಟನ್ನು ನಡುವೆ ಕತ್ತರಿಸಿ, ಗಿಡ್ಡ ಮಾಡಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬೆಸೆದರು. ಇಂಜಿನ್ನಿನ ಮೇಲೆ ಮುಚ್ಚಲು ಸೀಮೆಎಣ್ಣೆ ಡಬ್ಬದ ತಗಡನ್ನು ಬಡಿದು ಬಗ್ಗಿಸಿದ್ದಾರೆ. ಸೀಟಿಗೆ ತೆಂಗಿನ ನಾರು ತುಂಬಿ ಹೊಲಿದವಳು ನಾನೇ. ಗೋಣಿ ದಬ್ಬಳ ಚುಚ್ಚಿ ಚುಚ್ಚಿ ಬೆರಳೆಲ್ಲ ಗಾಯ. ಆದರೂ ಅಕ್ಕಾ, ಮೊನ್ನೆ ಮಧ್ಯಾಹ್ನ ಮುಂದಿನ ಹಿಡಿ ತಿರುಗಿಸಿದಾಗ ಇಂಜಿನ್ನು ಕೆಮ್ಮಿ, ಉಗುಳಿ, ಆಮೇಲೆ ಗುಡುಗುತ್ತಾ ಶುರುವಾಯಿತು ನೋಡಿ, ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಕುಣಿದುಬಿಟ್ಟೆ. ಕುಳ್ಳಯ್ಯನ ಎದುರಿಗೆ! ದ್ಯಾವಮ್ಮನ ಕೋಳಿಗಳು ಇನ್ನೂ ಮಾಡಿನಿಂದ ಇಳಿದಿಲ್ಲ.

ಮಾವನ ಸಂಗತಿ ಕೇಳುತ್ತೀರಿ, ಗೊತ್ತು. ಅಪ್ಪ ಮಗ ಇನ್ನೂ ಮಾತಾಡುವುದಿಲ್ಲ. ಬಸ್ಸು ಲಾರಿ ಬಂದು ಮಾವನ ಬಾಡಿಗೆ ಎತ್ತಿನ ಗಾಡಿ ನಿಂತುಹೋಯಿತು. ಅದೇ ಹೊತ್ತಿಗೆ ಮಗ ಹೋಗಿ ಲಾರಿ ಹತ್ತಿದರು. "ನನ್ನ ಅನ್ನ ಕಿತ್ಕಂಡ ಗಾಡೀನೇ ಓಡ್ಸಕೋದ" ಎಂದು ಅವತ್ತು ಅಂದದ್ದೇ ಕೊನೆಯ ಮಾತು. ಈಗ ಇಬ್ಬರಿಗೂ ನಾನೇ ಅಂಚೆ. "ಗೌರವ್ವ, ಎತ್ತಿಗೆ ಹುಲ್ಲು ಹಾಕಾಯ್ತಾ ಕೇಳು" ಎಂದು ಮಾವ ಇಲ್ಲಿಂದ. "ಹಾಕಾಯ್ತು ಅಂತ ಹೇಳು" ಎಂದು ಇವರು ಅಲ್ಲಿಂದ. ನಡುವೆ ಇರುವುದು ಒಂದು ಕಂಬ, ಅಕ್ಕಾ! ಮೋಟಾರು ಅಂಗಳಕ್ಕೆ ಬಂದ ಮೇಲಂತೂ ಮಾವ ಅದಕ್ಕೆ ಬೆನ್ನು ಹಾಕಿ ಜಗುಲಿಯಲ್ಲಿ ಕೂರುತ್ತಾರೆ. ಒಂದು ಸಲವಾದರೂ ಇತ್ತ ತಿರುಗಬಾರದೆ?

ನಿಮ್ಮ ತಮ್ಮ ಬಾಯಿ ಬಿಟ್ಟು ಹೇಳುವವರಲ್ಲ. ಆದರೆ ಸೀಟು ಕೂರಿಸುವಾಗ, "ಈ ಮಗ್ಗುಲು ನಮ್ಮಪ್ಪಂಗೆ ಕಣಮ್ಮಿ. ಒಂದು ದಿಸ ಕೂತ್ಕಂಡು, ಬಾಯ್ತುಂಬ ನನ್ನ ಬೈದ್ರೂ ಸಾಕು" ಎಂದರು. ಇಷ್ಟೆಲ್ಲ ಬಡಿಯುವುದು ಕುಟ್ಟುವುದು ಅದಕ್ಕೇ. ಅದು ಆಗುತ್ತದೋ ಇಲ್ಲವೋ ಎಂದು ನನಗೆ ಅನ್ನ ಸೇರುತ್ತಿಲ್ಲ. ನೀವು ಅಲ್ಲಿಂದಲೇ ದೇವರಿಗೆ ಒಂದು ಹೂ ಏರಿಸಿ.

ನಿಮ್ಮ ಆಶೀರ್ವಾದ ಬೇಡುವ,
ಗೌರಮ್ಮ

*

ಸಂತೆಬಾಚಹಳ್ಳಿ
ಭಾವ ಸಂವತ್ಸರದ ಪುಷ್ಯ ಬಹುಳ ತದಿಗೆ
22–1–1935

ಪ್ರೀತಿಯ ಅಕ್ಕನಿಗೆ,

ಓಡಿತು! ಮೊದಲು ಅದನ್ನು ಹೇಳಿಬಿಡುತ್ತೇನೆ, ನಮಸ್ಕಾರ ಆಮೇಲೆ. ಓಡಿತು ಮಾತ್ರವಲ್ಲ, ನಿಲ್ಲಲೇ ಇಲ್ಲ!

ನಿಮ್ಮ ಎಳ್ಳು ಬೆಲ್ಲ ತಲುಪಿತು. ಸಂಕ್ರಾಂತಿಗೆ ನಾನೇ ಮೊದಲು ಬರೆಯಬೇಕಿತ್ತು, ತಪ್ಪಾಯಿತು. ಆದರೆ ಈ ಮನೆಯಲ್ಲಿ ನಡೆದದ್ದನ್ನು ಕೇಳಿದರೆ ನೀವು ತಪ್ಪನ್ನು ಮರೆಯುತ್ತೀರಿ.

ಹಬ್ಬ ಕಳೆದ ಮೇಲೆ ಒಂದು ಸಂಜೆ ಇವರು ಮೋಟಾರನ್ನು ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದರು. ಗಾಲಿಯ ಒಳಮಗ್ಗುಲಿಗೆ ಒಂದು ಕಬ್ಬಿಣದ ಡೋಲು ಇರುತ್ತದೆ, ಅದರ ಸುತ್ತ ಒಂದು ಪಟ್ಟಿ. ಬ್ರೇಕು ತುಳಿದರೆ ಪಟ್ಟಿ ಡೋಲನ್ನು ಬಿಗಿಯಾಗಿ ಹಿಡಿದು ಮೋಟಾರು ನಿಲ್ಲುತ್ತದೆ. ಹಿಡಿದಾಗಲೆಲ್ಲ ಹಂದಿ ಕೂಗಿದ ಹಾಗೆ ಕಿರ್ರೋ ಎನ್ನುತ್ತಿತ್ತು. ಜಗುಲಿಯಿಂದ ಮಾವ, "ಗೌರವ್ವ, ಆ ಗಾಡಿ ಎಣ್ಣೆ ಕಂಡು ಎಷ್ಟು ದಿಸ ಆಯ್ತಂತೆ ಕೇಳು" ಎಂದರು. "ಅದು ಬ್ರೇಕು, ಅಂಗೇ ಕೂಗೋದು ಅಂತ ಹೇಳು" ಎಂದು ಇವರು. ಮಾವ ಮುಖ ಸಿಂಡರಿಸಿದರು. ಬಾಡಿಗೆ ಹೊಡೆಯುವ ಕಾಲದಲ್ಲಿ ಅವರ ಗಾಡಿ ಒಂದು ದಿನವಾದರೂ ಕಿರುಗುಟ್ಟಿದ್ದನ್ನು ಯಾರೂ ಕೇಳಿಲ್ಲ ಎಂದು ನೀವೇ ಹೇಳುತ್ತಿದ್ದಿರಲ್ಲ.

ಮಾರನೆಯ ಬೆಳಿಗ್ಗೆ ಹಸಿರು ಬಣ್ಣದ ಮೋಟಾರಿಗೆ ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟು, ನಾವಿಬ್ಬರೂ ಹತ್ತಿದೆವು. ಊರೇ ಸೇರಿತ್ತು. ಕುಳ್ಳಯ್ಯ ಹೊಸ ಪಂಚೆ ಉಟ್ಟು, ತನ್ನದೇ ಮದುವೆ ಎನ್ನುವ ಹಾಗೆ ನಿಂತಿದ್ದ. ಅಕ್ಕಾ, ಆ ಗಾಳಿ! ಸೆರಗು ನಿಲ್ಲುವುದಿಲ್ಲ, ಕಣ್ಣಲ್ಲಿ ನೀರು, ಬೇಲಿ ಸಾಲು ಹಿಂದಕ್ಕೆ ಓಡುತ್ತಿದೆ, ಕೆಳಗಿನ ಕಲ್ಲೆಲ್ಲ ನನ್ನ ಬೆನ್ನಿಗೇ ಬಂದು ಹೊಡೆಯುತ್ತಿದೆ, ನಾನು ಮಾತ್ರ ನಗುತ್ತಲೇ ಇದ್ದೇನೆ. ಕೆರೆ ಕಡೆಯ ಇಳಿಜಾರಿಗೆ ಬಂದಾಗ ಇವರು ಬ್ರೇಕು ತುಳಿದರು. ಮೋಟಾರು ಇನ್ನೂ ಜೋರಾಗಿ ಹೊರಟಿತು. ಮತ್ತೆ ತುಳಿದರು. "ಯಾಕಿಂಗಾಡ್ತೈತೆ ಇದು!" ಎಂದು ಕಿರುಚಿದರು. ಎದುರಿಗೆ ಕೆರೆ. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕೂಗಿದೆ, ಗೊತ್ತಿಲ್ಲದ ಒಂದಿಬ್ಬರನ್ನೂ ಕೂಗಿದೆನೋ ಏನೋ. ಇವರು ಕೈಯಲ್ಲಿದ್ದ ಚಕ್ರವನ್ನು ಪೂರ್ತಿ ಎಡಕ್ಕೆ ಎಳೆದರು. ನಾವು ಸಿದ್ದರಾಜುವಿನ ಕಣಕ್ಕೆ ನುಗ್ಗಿ ಅವನ ಹುಲ್ಲಿನ ಮೆದೆಯೊಳಕ್ಕೆ ಹೋಗಿ ಕೂತೆವು.

ಒಂದು ಗಾಯವೂ ಇಲ್ಲ, ಹೆದರಬೇಡಿ. ನನ್ನ ಮೂಗಿನ ತನಕ ಹುಲ್ಲು. ಇವರು ಸಿಟ್ಟಿನಿಂದ ಇಳಿದು ಗಾಲಿಯ ಹತ್ತಿರ ಕೂತು ಕೈ ಹಾಕಿದರು. ಕೈಯೆಲ್ಲ ಕಪ್ಪು, ಜಿಗುಟು. "ಯಾವನ್ಲಾ ಇದು ಮಾಡ್ದವ್ನು? ನಮ್ಮನ್ನ ಸಾಯ್ಸಕೆ ಬ್ರೇಕಿಗೆ ಎಣ್ಣೆ ಬಳ್ದವ್ನೆ! ಅವ್ನ ಕೈ ಮುರಿದಾಕ್ತೀನಿ!" ಎಂದು ಕೂಗಾಡಿದರು. ಊರ ಜನ ಓಡಿಬಂದರು. ಸಿದ್ದರಾಜು ತನ್ನ ಮೆದೆಯ ಗತಿ ನೋಡಿ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಇವರು ಬೆರಳನ್ನು ಮೂಗಿಗೆ ಹಿಡಿದು, ನನ್ನ ಕಡೆಗೂ ಚಾಚಿದರು. ನಾನೂ ಮೂಸಿದೆ. ಹರಳೆಣ್ಣೆ, ಸುಟ್ಟ ಹುಲ್ಲಿನ ಬೂದಿ, ಸ್ವಲ್ಪ ಬೇವಿನ ವಾಸನೆ. ಕೀಲೆಣ್ಣೆಗೆ ಬೇವು ಬೆರೆಸುವವರು ಈ ಸುತ್ತಿನಲ್ಲಿ ಒಬ್ಬರೇ.

ಬೆಳಿಗ್ಗೆ ನಾವು ಸ್ನಾನಕ್ಕೆ ಹೋದಾಗ ಮಾವ ಗಾಡಿಯ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟ ಹಿಡಿದು ಬಂದು, ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಎಲ್ಲ ಗಾಲಿಗೂ ಕೈಯಾರೆ ಬಳಿದಿದ್ದರು. ಗಾಡಿ ದೂರ ಹೊರಡುವಾಗ ಮಾಡುವುದನ್ನು ಮಾಡಿದ್ದರು, ಅಷ್ಟೇ. ಎಲ್ಲಿ ಉಜ್ಜುತ್ತದೋ ಅಲ್ಲಿಗೇ ಚೆನ್ನಾಗಿ ತುಂಬಿದ್ದರು!

ನಿಮ್ಮ ತಮ್ಮ ಹುಲ್ಲಿನ ಮೇಲೆ ಕುಸಿದು ಕೂತರು. "ನಮ್ಮಪ್ಪ ಮುಟ್ಟವ್ನೆ ಕಣಮ್ಮಿ. ನನ್ ಗಾಡಿ ಮುಟ್ಟವ್ನೆ" ಎಂದು ಕಣ್ಣು ಒರೆಸಿಕೊಂಡರು. ಆ ಕಪ್ಪು ಕೈಯಲ್ಲಿ ಒರೆಸಿಕೊಂಡು ಮುಖವೆಲ್ಲ ಮಸಿ. ನಾನು ನಕ್ಕೆ, ಆಮೇಲೆ ನನಗೂ ಅಳು ಬಂತು. ಕುಳ್ಳಯ್ಯ ಮಾತ್ರ, ರೋಡೇಷ್ಟ್ರಿಗೆ ಏನಾಯ್ತೋ ಎಂದು ಅದರ ಕೆಳಗೆ ತೂರಿಕೊಂಡಿದ್ದ.

ಸೀಮೆಎಣ್ಣೆ, ಮರಳು ಹಾಕಿ ಡೋಲುಗಳನ್ನು ಉಜ್ಜಿ ತೊಳೆದದ್ದಾಯಿತು. ಬ್ರೇಕಿನ ವಿಷಯ ಮಾವನಿಗೆ ಹೇಳಕೂಡದೆಂದು ಇವರು ಊರಿಗೆಲ್ಲ ಕಟ್ಟಪ್ಪಣೆ ಮಾಡಿದರು. ನಿನ್ನೆ ಬೆಳಿಗ್ಗೆ ನಾನೇ ಧೈರ್ಯ ಮಾಡಿ, "ಮಾವ, ಹೊಸಹೊಳಲಿಗೆ ನಮ್ಮ ತವರಿಗೆ ಹೋಗ್ತಿದ್ದೀವಿ, ನೀವೂ ಬರ್ಬೇಕು" ಎಂದೆ. ಇವರು ಮೋಟಾರಿನ ಹತ್ತಿರ ನಿಂತು ಒರೆಸಿದ್ದನ್ನೇ ಒರೆಸುತ್ತಿದ್ದರು. ಆಮೇಲೆ ಮಾವ ಎದ್ದು, "ನನ್ ಪೇಟ ತತ್ತಾರವ್ವ" ಎಂದರು! ಮೋಟಾರನ್ನು ಮೂತಿಯಿಂದ ಹಿಂದಿನ ತನಕ ಕೈಯಾಡಿಸಿಕೊಂಡು ಒಂದು ಸುತ್ತು ಬಂದರು. ಕಡೆಗೆ ಹತ್ತಿ ಮಗನ ಪಕ್ಕದಲ್ಲಿ ಕೂತರು. ನಾನು ಹಿಂದಿನ ಸಾಮಾನು ಪೆಟ್ಟಿಗೆಯಲ್ಲಿ, ಬದನೆಕಾಯಿ ಮೂಟೆಯ ಹಾಗೆ.

ಕೃಷ್ಣರಾಜಪೇಟೆ ರಸ್ತೆ ಸೇರುವ ತನಕ ಇಬ್ಬರೂ ಕಂಬದ ಹಾಗೆ ಕೂತಿದ್ದರು. ಹಿಂದಿನಿಂದ ಎರಡು ಪೇಟ ನೋಡುತ್ತಾ ನನ್ನ ಜೀವ ಬಾಯಿಗೆ ಬಂದಿತ್ತು. ಒಳ್ಳೆ ರಸ್ತೆ ಸಿಕ್ಕಿತೆಂದು ಇವರು ಜೋರು ಮಾಡಿದರು. ಒಂದು ಗುಂಡಿಗೆ ಬಿದ್ದು ಎದ್ದೆವು. ಆಗ ಮಾವ ಇವರ ತೊಡೆ ಹಿಡಿದುಕೊಂಡು, "ಮೆಲ್ಗೆ ಓಡ್ಸ್ಲಾ ಚೆಲುವ! ಹಿಂದ್ಗಡೆ ಹೆಣ್ಮಗ ಕೂತಿಲ್ವೇನ್ಲಾ?" ಎಂದರು.

ಚೆಲುವ! ಹೆಸರು ಹಿಡಿದು! ನೇರ ಇವರಿಗೇ!

"ಊ ಕಣಪ್ಪ" ಎಂದರು ಇವರು. ಆಮೇಲೆ ಕೇಳಬೇಕಲ್ಲ! ಗುಂಡಿಗೊಂದು ಬೈಗುಳ, ತಿರುವಿಗೊಂದು ಬೈಗುಳ. ಇವರು ಬೈಸಿಕೊಂಡು ಹಲ್ಲು ಕಿರಿಯುತ್ತಾ ಓಡಿಸಿದರು. ನನ್ನ ಅಂಚೆ ಕೆಲಸ ಹೋಯಿತು, ಅಕ್ಕಾ. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಭಾವನಿಗೆ ನಮಸ್ಕಾರ. ಮಕ್ಕಳು ನೂರು ವರ್ಷ ಚೆನ್ನಾಗಿ ಬಾಳಲಿ, ಅವರನ್ನು ಮೋಟಾರಿನಲ್ಲಿ ಕೂರಿಸಿ ಸುತ್ತಿಸುವುದು ಅವರ ಸೋದರಮಾವನ ಪಾಲಿಗೆ ಇರಲಿ.

ನಿಮ್ಮ,
ಗೌರಮ್ಮ

ಮರೆತಿದ್ದು: ನಿಮ್ಮ ತಮ್ಮ ಕಾಗದ ಓದಿ, ನಗುತ್ತಾ ಹೊರಗೆ ಹೋದರು. ಈಗ ಇದನ್ನು ಬರೆಯುತ್ತಿದ್ದೇನೆ. ಭಾವನ ಎದುರಿಗೆ ಓದಬೇಡಿ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನೀವು ಬೇಗ ಬರಬೇಕು. ಬಂದು, ನಿಮ್ಮದೇ ಹಠವೆಂದು ಹೇಳಿ ಮಾವನನ್ನು ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಹೊರಡಿಸಬೇಕು. ಮಗನಿಗೆ ಹೇಳುವುದಿಲ್ಲ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೇನೆ. ಮಗಳಿಗೆ ಹೇಳುವುದಿಲ್ಲ ಎಂದು ಕೊಟ್ಟಿಲ್ಲ.

ಹೊಸಹೊಳಲು ಸೇರಿದಾಗ ಇಂಜಿನ್ನು ಕಾದಿತ್ತು. ಇವರು ನೀರು ತರಲು ಬಾವಿಗೆ ಹೋದರು. ಮಾವ ಮೋಟಾರಿನ ಬಾಗಿಲ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು, ನಡು ಮಧ್ಯಾಹ್ನದ ಬಿಸಿಲು. "ಗೌರವ್ವ, ಇದರ ಬಣ್ಣ ಯಾವ್ದು?" ಎಂದರು. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. "ಒಂದು ಕಣ್ಣು ಕಳ್ದ ಬ್ಯಾಸಗೇಲೆ ಓಯ್ತು. ಇನ್ನೊಂದು ದೀವಳಿಗೆ ಒತ್ಗೆ. ಬೆಳಕು ಯಾವ್ದು, ಕತ್ಲೆ ಯಾವ್ದು, ಅಷ್ಟು ಗೊತ್ತಾಯ್ತದೆ. ಹೊಲದ ದಾರಿ ಎತ್ತಿಗೆ ಗೊತ್ತು, ಅಂಗೇ ತಳ್ತಾ ಇವ್ನಿ. ಅವ್ನಿಗೆ ಯೋಳ್ಬ್ಯಾಡ ಕಣವ್ವ. ನಾನು ನೋಡ್ಲಿ ಅಂತ ತಾನೆ ಇಷ್ಟು ದಿಸ ಬಡ್ಕಂಡಿರೋದು" ಎಂದರು. ಹಸಿರು, ಮಾವ, ಎಂದೆ. "ಯಾವ ಹಸ್ರು? ಗಿಣಿ ಹಸ್ರಾ, ರಾಗಿ ಪೈರಿನ ಹಸ್ರಾ?" ಎಂದರು. ರಾಗಿ ಪೈರಿಂದು, ಎಂದೆ.

ಅಷ್ಟರಲ್ಲಿ ನಿಮ್ಮ ತಮ್ಮ ಕೊಡ ಹೊತ್ತು ಬಂದರು. ಮಾವ ಹೆಜ್ಜೆ ಸಪ್ಪಳ ಬಂದ ಕಡೆಗೆ ಮುಖ ತಿರುಗಿಸಿ, "ಚೆಂದಾಗೈತೆ ಕಣ್ಲಾ ಚೆಲುವ. ರಾಗಿ ಪೈರಿದ್ದಂಗೈತೆ ಬಣ್ಣ" ಎಂದರು.